ಮಾವನಿಗೆ ಸಿಕ್ಕ ಎರಡು ನಿಮಿಷ

ನಮ್ಮ ಸೋದರಮಾವ ನಲವತ್ತು ವರ್ಷ ಹಳೇಬೀಡಿನ ಮೈಕುಗಳ ಮುಂದೆ ನಿಂತವರು. ಭಾಷಣವನ್ನು ಮಾತ್ರ ಒಂದು ದಿನವೂ ಮಾಡಿದವರಲ್ಲ. ಅವರದೇನಿದ್ದರೂ ಸ್ವಾಗತ, ನಿರೂಪಣೆ, ಕಡೆಗೆ ವಂದನಾರ್ಪಣೆ. ಪಕ್ಷದ ಸಭೆಯಿರಲಿ, ಹಾಲಿನ ಡೇರಿಯ ವಾರ್ಷಿಕ ಸಭೆಯಿರಲಿ, ಶಾಲೆಯ ಕೊಠಡಿಗೆ ಗುದ್ದಲಿ ಪೂಜೆಯಿರಲಿ, "ಈಗ ಮಾನ್ಯರು ಎರಡು ಮಾತುಗಳನ್ನಾಡಬೇಕೆಂದು ಕೋರುತ್ತೇನೆ" ಎಂದು ಹೇಳಿ ಪಕ್ಕಕ್ಕೆ ಸರಿಯುವುದು ಅವರ ಕೆಲಸ. ಎರಡು ಮಾತಿಗೆಂದು ಎದ್ದ ಮಾನ್ಯರು ಮುಕ್ಕಾಲು ಗಂಟೆ ನಿಂತಾಗ, ಅವರ ಕಾಲಿಗೆ ವೈರು ಸಿಕ್ಕಿಕೊಳ್ಳದಂತೆ ಮಾವ ಬಗ್ಗಿ ಸರಿಮಾಡುತ್ತಿದ್ದರು.

ನಮ್ಮ ಕಡೆಯ ಸಭೆಗಳ ಪದ್ಧತಿಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾರೇ ಮೈಕು ಹಿಡಿದರೂ ಮೊದಲು ವೇದಿಕೆಯ ಮೇಲೆ ಕೂತ ಪ್ರತಿಯೊಬ್ಬರನ್ನೂ ಹೆಸರು, ಹುದ್ದೆ ಸಮೇತ ಸಂಬೋಧಿಸಬೇಕು. ಹಾಲಿಗಳಾದ ಮೇಲೆ ಮಾಜಿಗಳು, ಮಾಜಿಗಳಾದ ಮೇಲೆ ಆಗಬೇಕೆಂದಿರುವವರು. ಒಬ್ಬರನ್ನು ಬಿಟ್ಟರೂ ಅವರು ಊಟ ಮಾಡದೆ ಎದ್ದು ಹೋಗುತ್ತಾರೆ, ಹಾಗೆ ಹೋದವರನ್ನು ವಾಪಸು ಕರೆತರಲು ಮೂರು ಮನೆ ತಿರುಗಬೇಕು. ಮಾವ ಈ ಕೆಲಸಕ್ಕೆ ಹೊಸಬರಾಗಿದ್ದಾಗ ಗೆಂಡೆಹಳ್ಳಿಯ ಸಭೆಯೊಂದರಲ್ಲಿ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಶಾಮಿಯಾನದ ಮಾಲೀಕರನ್ನು ಕರೆಯುವುದು ಮರೆತರಂತೆ. ಮುಖ್ಯ ಅತಿಥಿಗಳು ಮಾತಿಗೆ ಎದ್ದ ಮೇಲೆ ಮಾಲೀಕರು ನಿಧಾನಕ್ಕೆ ಕೆಳಗಿಳಿದು ಹೋಗಿ ತಮ್ಮ ಆಳುಗಳಿಗೆ ಹಗ್ಗ ಬಿಚ್ಚಲು ಹೇಳಿದರಂತೆ. ಅತಿಥಿಗಳು ನೆತ್ತಿಯ ಮೇಲೆ ಟವೆಲ್ಲು ಹಾಕಿಕೊಂಡು ಸುಡುಬಿಸಿಲಲ್ಲಿ ದೇಶದ ಭವಿಷ್ಯ ಹೇಳಿ ಮುಗಿಸಿದರು. ಅವತ್ತಿನಿಂದ ಮಾವನ ಜುಬ್ಬದ ಜೇಬಿನಲ್ಲಿ ಹಳೆಯ ಮದುವೆ ಕಾರ್ಡುಗಳು ಇರತೊಡಗಿದವು. ಅವುಗಳ ಹಿಂಬದಿಯಲ್ಲಿ ವೇದಿಕೆಯ ಮೇಲಿನವರ ಪಟ್ಟಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಅವರ ಕೈಯಲ್ಲಿ ಒಬ್ಬರೂ ಬಿಟ್ಟುಹೋಗಿಲ್ಲ. ಇದು ಅವರಿಗಿದ್ದ ಒಂದೇ ಹೆಮ್ಮೆ.

ಪಕ್ಷದ ರಾಷ್ಟ್ರೀಯ ಅಧಿವೇಶನಕ್ಕೆ ನಮ್ಮ ತಾಲ್ಲೂಕಿನಿಂದ ಒಬ್ಬರನ್ನು ಕಳಿಸಬೇಕು ಎಂಬ ಪತ್ರ ಬಂದಾಗ ಬೇಲೂರಿನಲ್ಲಿ ಸಭೆ ಸೇರಿತು. ನಾನು ಆಗ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಹಿಂದಿ ಹೇಳಿಕೊಡುತ್ತಿದ್ದೆ. ಪತ್ರ ಹಿಂದಿಯಲ್ಲಿ ಇದ್ದದ್ದರಿಂದ ಓದಿ ಹೇಳಲು ಮಾವ ನನ್ನನ್ನೂ ಕರೆಸಿದ್ದರು. ಪತ್ರದ ಸಾರ ಇಷ್ಟು: ಯಾವ ಹುದ್ದೆಯೂ ಇಲ್ಲದ ಸಾಮಾನ್ಯ ಕಾರ್ಯಕರ್ತರೊಬ್ಬರು ಬರಬೇಕು, ಅವರಿಗೆ ಮಾತಾಡಲು ಎರಡು ನಿಮಿಷ ಕೊಡಲಾಗುವುದು.

ಅಧ್ಯಕ್ಷರು ಕನ್ನಡಕ ತೆಗೆದು ಸುತ್ತ ನೋಡಿದರು. "ಹುದ್ದೆ ಇಲ್ದೋರು ಯಾರಿದೀರ್ರೀ?"

ಯಾರೂ ಇರಲಿಲ್ಲ. ಅಧ್ಯಕ್ಷರ ಮುಂದೆ ಕುರ್ಚಿಗಳಲ್ಲಿದ್ದ ಹತ್ತೊಂಬತ್ತು ಜನರಲ್ಲಿ ಐವರು ಉಪಾಧ್ಯಕ್ಷರು, ಏಳು ಜನ ಕಾರ್ಯದರ್ಶಿಗಳು, ಉಳಿದವರು ಬೇರೆ ಬೇರೆ ವಿಭಾಗಗಳ ಸಂಚಾಲಕರು. ಅವರಲ್ಲಿ ಕೆಲವರ ವಿಭಾಗದಲ್ಲಿ ಅವರೊಬ್ಬರೇ ಇದ್ದರು.

ಒಬ್ಬ ಉಪಾಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ನಾನು ಹೆಸ್ರಿಗೆ ಉಪಾಧ್ಯಕ್ಷ ಕಣ್ರೀ. ಕೆಲ್ಸ ಅಂತ ಏನೂ ಮಾಡಿಲ್ಲ. ಲೆಕ್ಕಕ್ಕೆ ಸಾಮಾನ್ಯನೇಯ."

"ಹಂಗ್ ನೋಡಿದ್ರೆ ನಾವೆಲ್ಲಾ ಸಾಮಾನ್ಯರೇ" ಎಂದರು ಇನ್ನೊಬ್ಬರು.

ಅಧ್ಯಕ್ಷರು ಸ್ವಲ್ಪ ಹೊತ್ತು ಯೋಚಿಸಿ, "ನಾನೇ ಒಂದ್ ವಾರದ ಮಟ್ಟಿಗೆ ರಾಜೀನಾಮೆ ಕೊಟ್ಟು ಹೋಗಿ ಬತ್ತೀನಿ" ಎಂದರು. ಹೇಳಿದವರು ಒಮ್ಮೆ ಐವರು ಉಪಾಧ್ಯಕ್ಷರ ಮುಖ ನೋಡಿದರು. ಐದೂ ಮುಖಗಳು ಅರಳಿದ್ದವು. "ಬ್ಯಾಡ ಬಿಡಿ" ಎಂದು ಕನ್ನಡಕ ಹಾಕಿಕೊಂಡರು.

ಆಗ ಎಲ್ಲರಿಗೂ ಮೂಲೆಯಲ್ಲಿ ಕೂತು ಬಾವುಟದ ಬಟ್ಟೆ ಮಡಿಸುತ್ತಿದ್ದ ಮಾವ ಕಂಡರು. ನಲವತ್ತು ವರ್ಷ ಎಲ್ಲರ ಹುದ್ದೆಯನ್ನೂ ಕೂಗಿ ಹೇಳಿದ ಮನುಷ್ಯನಿಗೆ ಒಂದೂ ಹುದ್ದೆ ಇಲ್ಲವೆಂಬುದು ಅವತ್ತೇ ಎಲ್ಲರಿಗೂ ಹೊಳೆದದ್ದು. ಅಧ್ಯಕ್ಷರಿಗೆ ನಾಚಿಕೆಯಾಗಿ, ಈ ಸಂತೋಷಕ್ಕೆ ಮಾವನನ್ನು ಆರನೇ ಉಪಾಧ್ಯಕ್ಷರನ್ನಾಗಿ ಮಾಡೋಣ ಎಂದುಬಿಟ್ಟರು. ಹಾಗೆ ಮಾಡಿದರೆ ಹೋಗಲು ಮತ್ತೆ ಯಾರೂ ಇರುವುದಿಲ್ಲ ಎಂದು ನಾನು ನೆನಪಿಸಬೇಕಾಯಿತು. ಮಾವನ ಮಾತನ್ನು ಹಿಂದಿಗೆ ತರಲು ನಾನೂ ಜೊತೆಗೆ ಹೋಗುವುದೆಂದಾಯಿತು.

ಹೊರಡುವ ದಿನ ಬೆಳಿಗ್ಗೆ ಮಾವ, ಅರಸೀಕೆರೆಗೆ ಹೋಗುವವರು ಮಾಲೇಕಲ್ಲು ಬೆಟ್ಟದ ದೇವರಿಗೆ ಕೈಮುಗಿಯದೆ ರೈಲು ಹತ್ತುವುದುಂಟೆ ಎಂದರು. ಜೊತೆಗೆ ಅವರ ಓರಗೆಯವನೊಬ್ಬ ಬಂದಿದ್ದ. ಮಾವನ ತೋಟದಲ್ಲಿ ತೆಂಗಿನಕಾಯಿ ಕೀಳುವವನು. ಇಬ್ಬರೂ ಒಂದೇ ಶಾಲೆಯಲ್ಲಿ ಮೂರನೇ ಕ್ಲಾಸಿನ ತನಕ ಒಂದೇ ಹಲಗೆಯ ಮೇಲೆ ಕೂತವರು. ಅಲ್ಲಿಂದ ಮಾವ ಮೈಕಿಗೆ ಹೋದರು, ಇವನು ಮರಕ್ಕೆ ಹೋದ. ಹಳೇಬೀಡಿನ ಸುತ್ತ ಇವನು ಹತ್ತದ ತೆಂಗಿನಮರ ಇರಲಿಲ್ಲ. ಅಂಥವನು ಬೆಟ್ಟದ ಕೆಳಗಿನ ಮೊದಲ ಮೆಟ್ಟಿಲಿನ ಮೇಲೆ ಕೂತುಬಿಟ್ಟ.

"ಏನ್ಲಾ, ಬರಲ್ವಾ?" ಎಂದರು ಮಾವ.

"ನೆಟ್ಟಗೆ ಕಂಬ ನೆಟ್ಟಿದ್ರೆ ಹತ್ತಿಬಿಡ್ತಿದ್ದೆ ಕಣಣ್ಣ. ಮೆಟ್ಲು ಮಂಡಿಗೆ ಆಗಕಿಲ್ಲ. ನೀವೇ ಹೋಗ್ಬನ್ನಿ, ಸ್ವಾಮಿಗೆ ಇಲ್ಲಿಂದ್ಲೇ ಕೈ ಮುಗಿದಿದೀನಿ."

ನಾವು ಹೊರಡುವಾಗ ಅವನು ಮಾವನ ಪಂಚೆಯ ಅಂಚು ಹಿಡಿದ. "ಅಲ್ಲಿ ನೀನು ಮಾತಾಡ್ತೀಯಂತೆ. ನಂದೊಂದ್ ಮಾತು ಹಾಕ್ತೀಯಾ?"

ಅವನ ಮಾತು ಇದು. ಕಾರ್ಮಿಕರಿಗೆ ಕಾರ್ಡು ಮಾಡಿಕೊಡುತ್ತಾರೆ ಎಂದು ಕೇಳಿ ಅವನೊಂದು ಶಿಬಿರಕ್ಕೆ ಹೋಗಿದ್ದ. ಕಾರ್ಡು ಇದ್ದರೆ ಮಂಡಿಗೆ ಆಸ್ಪತ್ರೆಯಲ್ಲಿ ಸಹಾಯವಾಗುತ್ತದೆಂದು ಯಾರೋ ಹೇಳಿದ್ದರು. ಬರೆದುಕೊಳ್ಳುವವನ ಮುಂದೆ ಕೆಲಸಗಳ ಪಟ್ಟಿ ಇತ್ತು. ಗಾರೆ ಕೆಲಸದವರು, ಬಣ್ಣ ಬಳಿಯುವವರು, ಕಲ್ಲು ಒಡೆಯುವವರು, ಎಲ್ಲರೂ ಇದ್ದರು. ಮರ ಹತ್ತುವವರು ಇರಲಿಲ್ಲ. ಬರೆದುಕೊಳ್ಳುವವನು ಒಳ್ಳೆಯವನೇ. ಬಣ್ಣ ಬಳಿಯುವವನೆಂದು ಹಾಕಿಕೊಳ್ಳಲೇ ಎಂದು ಕೇಳಿದನಂತೆ. ಇವನು, "ಐವತ್ತು ವರ್ಷ ಮರ ಹತ್ತಿ ಈಗ ಬಣ್ಣದೋನು ಅನ್ನಕಾಯ್ತದಾ ಸ್ವಾಮಿ" ಎಂದು ಎದ್ದು ಬಂದಿದ್ದ.

"ಮರ ಹತ್ತೋರ್ನೂ ಪಟ್ಟಿಗೆ ಸೇರ್ಸಿ ಅನ್ನು. ಅಷ್ಟೇಯ" ಎಂದ.

ಪಟ್ಟಿಯಲ್ಲಿ ಒಬ್ಬರು ಬಿಟ್ಟುಹೋಗುವುದೆಂದರೆ ಏನೆಂದು ಮಾವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಶಾಮಿಯಾನ ಬಿಚ್ಚಿದ ಮಧ್ಯಾಹ್ನ ಅವರ ಕಣ್ಣಮುಂದೆ ಬಂದಿರಬೇಕು. "ದೇವರ ಮೆಟ್ಲು ಮೇಲೆ ನಿಂತು ಹೇಳ್ತಿದೀನಿ, ನಿನ್ ಮಾತು ಹೇಳೇ ಹೇಳ್ತೀನಿ ಕಣ್ಲಾ" ಎಂದರು. ರೈಲು ಹತ್ತಿದ ಮೇಲೆ, ದೇಶದ ಬಗ್ಗೆ ಬರೆದಿಟ್ಟುಕೊಂಡಿದ್ದ ಎರಡು ಹಾಳೆ ಭಾಷಣವನ್ನು ಮಡಿಸಿ ಚಪ್ಪಲಿಯ ಕೆಳಗೆ ಹಾಕಿದರು. ಒಂದು ಮದುವೆ ಕಾರ್ಡಿನ ಹಿಂದೆ ಆ ಒಂದೇ ಮಾತನ್ನು ಬರೆದುಕೊಂಡರು.

ಎರಡು ದಿನದ ಪ್ರಯಾಣ. ಮಾವ ಅದನ್ನು ಮತ್ತೆ ಮತ್ತೆ ಹೇಳಿ ನನ್ನ ಫೋನಿನಲ್ಲಿ ಗಡಿಯಾರ ನೋಡಿಸಿದರು. ಅವರು ಕನ್ನಡದಲ್ಲಿ ಹೇಳುವುದಕ್ಕೆ ಒಂಬತ್ತು ಸೆಕೆಂಡು, ನಾನು ಹಿಂದಿಯಲ್ಲಿ ಹೇಳುವುದಕ್ಕೆ ಹನ್ನೊಂದು.

"ಇಪ್ಪತ್ತು ಸೆಕೆಂಡ್ ಆಯ್ತು. ಇನ್ನೂ ಒಂದ್ ನಿಮಿಷ ನಲವತ್ತು ಐತೆ" ಎಂದರು ಸಮಾಧಾನದಿಂದ. "ಸಂಬೋಧನೆಗೆ ಧಾರಾಳ ಆಯ್ತು."

ನಾನೂ ತಲೆ ಆಡಿಸಿದೆ. ಅದೇ ನಾನು ಮಾಡಿದ ತಪ್ಪು.

ಅಧಿವೇಶನದ ಊರಿನಲ್ಲಿ ಮೊದಲು ಬ್ಯಾಡ್ಜು ತೆಗೆದುಕೊಳ್ಳಬೇಕು. ವೇದಿಕೆಯವರಿಗೆ ಕೆಂಪು, ಪ್ರತಿನಿಧಿಗಳಿಗೆ ಹಸಿರು, ನೋಡಲು ಬಂದವರಿಗೆ ಬಿಳಿ. ಮಾವನಿಗೆ "ಸಾಮಾನ್ಯ ಕಾರ್ಯಕರ್ತ" ಎಂದು ಬರೆದ ಹಳದಿ ಬ್ಯಾಡ್ಜು ಸಿಕ್ಕಿತು. ಆ ಹಳದಿಯದಕ್ಕೇ ಎಲ್ಲಕ್ಕಿಂತ ಗಿರಾಕಿ ಹೆಚ್ಚು, ಯಾಕೆಂದರೆ ದೊಡ್ಡ ನಾಯಕರು ಸಾಮಾನ್ಯ ಕಾರ್ಯಕರ್ತರ ಜೊತೆ ಕೂತು ಊಟ ಮಾಡುತ್ತಾರೆಂದು ಸುದ್ದಿಯಾಗಿತ್ತು. ಮಾವ ಕೂತ ಸಾಲಿನಲ್ಲಿದ್ದ ಸಾಮಾನ್ಯ ಕಾರ್ಯಕರ್ತರಲ್ಲಿ ನಾಲ್ವರಿಗೆ ಅಂಗರಕ್ಷಕರಿದ್ದರು.

ನನ್ನದು ಕಷ್ಟವಾಯಿತು. ಅನುವಾದ ಮಾಡುವವರಿಗೆ ಬಣ್ಣವೇ ಇರಲಿಲ್ಲ. ಬ್ಯಾಡ್ಜು ಕೊಡುತ್ತಿದ್ದ ನಮ್ಮ ರಾಜ್ಯದವರು ಡಬ್ಬಿಯೊಳಗೆ ಕೈಯಾಡಿಸಿ, "ಮೀನುಗಾರರ ವಿಭಾಗದ ಮೇಡಂ ಒಬ್ರು ಬಂದಿಲ್ಲ. ಅವರದ್ದು ಹಾಕ್ಕೊಂಬಿಡಿ. ಒಳಗೆ ಯಾರ್ ಕೇಳ್ತಾರೆ" ಎಂದರು.

ಒಳಗೆ ಎಲ್ಲರೂ ಅದನ್ನೇ ಕೇಳಿದರು. ಕತ್ತಿನಲ್ಲಿ ಮೀನುಗಾರರ ವಿಭಾಗದ ಆ ನೀಲಿ ಬ್ಯಾಡ್ಜು ನೋಡಿದವರೆಲ್ಲ ಈ ಸಲ ಸಮುದ್ರ ಹೇಗಿದೆ ಎನ್ನುತ್ತಿದ್ದರು. ನಾನು ಹುಟ್ಟಿದ್ದು ಹಳೇಬೀಡಿನ ಕೆರೆಯ ದಂಡೆಯಲ್ಲಿ, ಸಮುದ್ರ ನೋಡಿದ್ದು ಶಾಲೆಯ ಪ್ರವಾಸದಲ್ಲಿ ಒಮ್ಮೆ. ಅದೂ ಬಸ್ಸಿನ ಕಿಟಕಿಯಿಂದ. "ಶಾಂತವಾಗಿದೆ" ಎಂದು ಹೇಳುತ್ತಾ ಹೋದೆ. ಪರೀಕ್ಷೆಯ ಪುಸ್ತಕ ಓದಿ ಕಲಿತ ನನ್ನ ಹಿಂದಿ ಕೇಳಿ ಒಬ್ಬರು, ನಿಮ್ಮ ಕಡೆಯ ಮೀನುಗಾರರು ಬಹಳ ವಿದ್ಯಾವಂತರು ಎಂದು ಮೆಚ್ಚಿಕೊಂಡರು.

ಮಾವ ಚೀಲ ಇಳಿಸಿದ ಕೂಡಲೇ ಕೇಳಿದ್ದು ಒಂದೇ. "ವೇದಿಕೆ ಮೇಲೆ ಯಾರ್ಯಾರು?"

ಯಾರಿಗೂ ಗೊತ್ತಿರಲಿಲ್ಲ. ನಾಳೆ ಬೆಳಿಗ್ಗೆಯವರೆಗೂ ಗೊತ್ತಾಗುವುದಿಲ್ಲ ಎಂದರು. ಪಟ್ಟಿ ಇಲ್ಲದ ವೇದಿಕೆಯನ್ನು ಮಾವ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಮದುವೆ ಕಾರ್ಡುಗಳನ್ನು ಹೊರತೆಗೆದು, ಪೆನ್ನು ಹಿಡಿದು, ನನ್ನನ್ನು ಜೊತೆಗೆ ಕರೆದುಕೊಂಡು ತಾವೇ ಹೊರಟರು. ಕೆಂಪು ಬ್ಯಾಡ್ಜು ಕಂಡವರ ಮುಂದೆ ನಿಂತು ಕೈಮುಗಿದು, ಹೆಸರೇನು, ಹುದ್ದೆಯೇನು, ಹಾಲಿಯೋ ಮಾಜಿಯೋ ಎಂದು ಕೇಳಿಸಿ ಬರೆದುಕೊಳ್ಳತೊಡಗಿದರು.

ಒಂದು ಗಂಟೆಯೊಳಗೆ ಮಾತು ಹಬ್ಬಿತು. ದಕ್ಷಿಣದಿಂದ ಬಂದ ಬಿಳಿ ಜುಬ್ಬದ ಹಿರಿಯರೊಬ್ಬರು ವೇದಿಕೆಯ ಪಟ್ಟಿ ಮಾಡುತ್ತಿದ್ದಾರಂತೆ. ಆಮೇಲೆ ನಾವು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅವರೇ ಬಂದರು. ಸಾಲಾಗಿ ನಿಂತರು. ಕೆಂಪು ಬ್ಯಾಡ್ಜಿನವರು ತಮ್ಮ ಹೆಸರಿದೆಯೇ ಎಂದು ನೋಡಲು ಬಂದರೆ, ಹಸಿರಿನವರು ತಮ್ಮದನ್ನೂ ಸೇರಿಸಿ ಎಂದು ಬಂದರು. ಒಬ್ಬರು ಸಿನಿಮಾ ನಟನ ಷಡ್ಡಕರು. ಇನ್ನೊಬ್ಬರು ಈ ಪಕ್ಷದವರೇ ಅಲ್ಲ, ನಾಳೆ ಸೇರುವವರಿದ್ದರು. ಮಾವ ಇಲ್ಲ ಎನ್ನಲಿಲ್ಲ. "ನಾಳೆ ಸೇರಲಿರುವ ಮಾನ್ಯರು" ಎಂದು ಬರೆದುಕೊಂಡರು.

"ಮಾವ, ಇವರೆಲ್ಲಾ ವೇದಿಕೆ ಮೇಲೆ ಕೂರೋರಲ್ಲ" ಎಂದೆ.

"ಕೂರಲಿ ಬಿಡೇ. ಆಸೆಯಿಂದ ಬಂದವ್ರೆ. ಬರ್ಕಳಕ್ಕೆ ನಮಗೇನು ಕಷ್ಟ."

ಮಾರನೆಯ ದಿನ ವೇದಿಕೆಯ ಮೆಟ್ಟಿಲ ಬಳಿ ನಿಂತಿದ್ದ ಕಾವಲುಗಾರ ಒಬ್ಬೊಬ್ಬರನ್ನೇ ತಡೆದು ಮಾವನ ಕಡೆ ನೋಡುತ್ತಿದ್ದ. ಇವರು ಪಟ್ಟಿಯಲ್ಲಿ ಇದ್ದಾರಾ ಎಂದು ನನ್ನನ್ನು ಕೇಳುತ್ತಿದ್ದ. ಮಾವ ಕಾರ್ಡು ನೋಡಿ ತಲೆ ಆಡಿಸಿದರೆ ಒಳಗೆ ಬಿಡುತ್ತಿದ್ದ. ಹೀಗೆ ಹಳೇಬೀಡಿನ ನಿರೂಪಕರು ಯಾರನ್ನೂ ಕೇಳದೆ, ಯಾರೂ ಅವರನ್ನು ಕೇಳದೆ, ರಾಷ್ಟ್ರೀಯ ಅಧಿವೇಶನದ ವೇದಿಕೆಗೆ ಜನ ಹತ್ತಿಸಿದರು. ಮೂರು ಸಾಲಿಗೆಂದು ಕಟ್ಟಿದ ವೇದಿಕೆಯಲ್ಲಿ ಹತ್ತು ಗಂಟೆಗೆ ಹಲಗೆ ಹಾಕಿ ನಾಲ್ಕನೇ ಸಾಲು ಮಾಡಿದರು.

ಬೆಳಗಿನ ಭಾಷಣಗಳನ್ನು ಕೇಳಿದಾಗ ನನಗೊಂದು ವಿಷಯ ಕಂಡಿತು. ಅಲ್ಲಿ ಮಾತಾಡುವವರು ಯಾರೂ ಕೇಳಲು ಕೂರುವುದಿಲ್ಲ, ಮಾತು ಮುಗಿಸಿ ಹಿಂದಿನ ಪರದೆಯಿಂದ ಕಾರಿಗೆ ಹೋಗುತ್ತಾರೆ. ಕೇಳಲು ಕೂತವರು ಯಾರೂ ಮಾತಾಡುವುದಿಲ್ಲ. ನಡುವೆ ವೇದಿಕೆಯ ಮೇಲೆ ಕೂತ ನಾಲ್ಕು ಸಾಲಿನವರು ಮಾತಾಡುವುದೂ ಇಲ್ಲ, ಕೇಳುವುದೂ ಇಲ್ಲ. ಕ್ಯಾಮೆರಾ ತಮ್ಮ ಕಡೆ ತಿರುಗಿದಾಗ ಕೇಳುವವರಂತೆ ಕೂರುತ್ತಾರೆ. ಪ್ರತಿಯೊಬ್ಬ ಭಾಷಣಕಾರರೂ "ವೇದಿಕೆಯ ಮೇಲಿರುವ ಎಲ್ಲ ಗಣ್ಯರೇ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಹಾಗೆಂದಾಗಲೆಲ್ಲ ಮಾವ ಹಲ್ಲು ನೋವಿನವರಂತೆ ಮುಖ ಮಾಡುತ್ತಿದ್ದರು.

"ಒಟ್ಟಿಗೆ ಗುಡಿಸಿ ಹಾಕ್ದಂಗೆ ಹೇಳ್ತಾರಲ್ಲ" ಎಂದರು. "ಪಾಪ, ಎಷ್ಟು ದೂರದಿಂದ ಬಂದವ್ರೆ."

"ಮಾವ, ನೀವೂ ಹಂಗೇ ಹೇಳಿಬಿಡಿ. ಆಮೇಲೆ ಅವರ ಮಾತು ಹೇಳಿ. ನಿಮ್ಮ ಸ್ನೇಹಿತರು ಕಾಯ್ತಿರ್ತಾರೆ."

"ಅವನ ಮಾತು ಎಲ್ಲೋಗ್ತದೆ, ಜೇಬಲ್ಲೇ ಐತೆ. ಅದುಕ್ ಮುಂಚೆ ಕರಿಯೋರ್ನ ಕರೀಬೇಕಲ್ವೇನೇ. ಮರ್ಯಾದೆ ಇಲ್ದೆ ಕೇಳಿದ್ರೆ ಯಾರ್ ಕೊಡ್ತಾರೆ?"

ಊಟದ ನಂತರ ಅವರ ಸರದಿ ಬಂತು. ನಾನು ಒಂದು ಹೆಜ್ಜೆ ಹಿಂದೆ ನಿಂತೆ. ಮೈಕಿನ ಬಲಗಡೆ ಒಂದು ಪುಟ್ಟ ಮೇಜು, ಅದರ ಮೇಲೆ ಗಂಟೆ, ಹಿಂದೆ ಸಮಯ ನೋಡುವ ಒಬ್ಬ ಸಣಕಲು ಮನುಷ್ಯ.

ಮಾವ ಮೈಕಿನ ತಲೆಯನ್ನು ಎರಡು ಸಲ ತಟ್ಟಿದರು. ನಲವತ್ತು ವರ್ಷದ ಅಭ್ಯಾಸ. ಆಮೇಲೆ ಹಳೇಬೀಡಿನ ಬಸ್ ಸ್ಟ್ಯಾಂಡಿಗೂ ಕೇಳಿಸುವಂಥ ಗಂಟಲಿನಲ್ಲಿ, "ವೇದಿಕೆಯ ಮೇಲೆ ಆಸೀನರಾಗಿರುವ" ಎಂದು ಶುರುಮಾಡಿದರು. ಒಂದು ಹೆಸರು, ಒಂದು ಹುದ್ದೆ. ನಾನು ಹಿಂದಿಯಲ್ಲಿ ಹೇಳಿದೆ. ಹೆಸರು ಕೇಳಿದವರು ಅರ್ಧ ಎದ್ದು ಕೈಮುಗಿದರು, ಎದುರಿಗಿದ್ದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ತನಕ ಮಾವ ಕಾದರು. ಇನ್ನೊಂದು ಹೆಸರು. ಮತ್ತೆ ನಾನು, ಮತ್ತೆ ಚಪ್ಪಾಳೆ.

ಮೊದಲನೇ ಸಾಲಿನ ಏಳನೆಯವರ ಹತ್ತಿರ ಗಂಟೆ ಹೊಡೆಯಿತು. ಎರಡು ನಿಮಿಷ ಮುಗಿದಿತ್ತು. ಮಾವ ಗಾಬರಿಯಾಗಲಿಲ್ಲ. ಗಂಟೆಯ ಕಡೆ ತಿರುಗಿ, ಕೈಮುಗಿದು, "ಬೆಳಿಗ್ಗೆಯಿಂದ ನೀರೂ ಕುಡಿಯದೆ ಕೂತು ಗಂಟೆ ಬಾರಿಸುತ್ತಿರುವ ಮಾನ್ಯರೇ" ಎಂದರು. ನಾನು ಅದನ್ನೂ ಹೇಳಿದೆ. ಆ ಮನುಷ್ಯನನ್ನು ಅವನ ಜೀವಮಾನದಲ್ಲಿ ಯಾರೂ ಯಾವ ವೇದಿಕೆಯಲ್ಲೂ ಕರೆದಿರಲಿಲ್ಲವೆಂದು ಕಾಣುತ್ತದೆ. ಅವನು ಎದ್ದು ನಿಂತ, ಬಗ್ಗಿ ನಮಸ್ಕಾರ ಮಾಡಿದ, ಕೂತು ಗಂಟೆಯನ್ನು ಮೇಜಿನ ಖಾನೆಯೊಳಗೆ ಇಟ್ಟುಬಿಟ್ಟ.

ಇನ್ನು ತಡೆಯುವವರು ಇರಲಿಲ್ಲ. ಮೊದಲ ಸಾಲು ಮುಗಿಯಿತು. ಎರಡನೇ ಸಾಲಿನವರು ಪೇಟ ಸರಿಮಾಡಿಕೊಂಡು ಕಾದರು. ಮೂರನೇ ಸಾಲಿನವರು, ಇವರು ನಿಲ್ಲಿಸಿಬಿಟ್ಟರೆ ಗತಿಯೇನೆಂದು, ಬೇಗ ಬೇಗ ಎಂದು ಕೈಸನ್ನೆ ಮಾಡಿದರು. ನಟನ ಷಡ್ಡಕರು ಆಗಲೇ ಎದ್ದು ನಿಂತಿದ್ದರು. ನಾನು ಹಿಂದಿನಿಂದ, "ಮಾವ, ಅವರ ಮಾತು, ಅವರ ಮಾತು" ಎಂದು ಪಿಸುಗುಟ್ಟಿದೆ. "ಇನ್ನೊಂದ್ ಸಾಲೇ ಕಣೇ" ಎಂದರು, ಮೈಕಿನಲ್ಲೇ. ಇಪ್ಪತ್ತು ಸಾವಿರ ಜನಕ್ಕೆ ಅದು ಕೇಳಿಸಿತು, ಅರ್ಥ ಮಾತ್ರ ನನಗಾಯಿತು.

"ನಾಲ್ಕನೇ ಸಾಲಿನ ಎಡಗಡೆಯಿಂದ" ಎನ್ನುತ್ತಿದ್ದಂತೆ ಕೆಳಗಿದ್ದ ಟೀವಿಯವರಲ್ಲಿ ಒಬ್ಬ ಎಲ್ಲೋ ಒಂದು ಗುಂಡಿ ಒತ್ತಿದ. ಮೈಕು ಸತ್ತಿತು.

ಮಾವ ತಟ್ಟಿದರು. ಸದ್ದಿಲ್ಲ. ಇನ್ನೊಮ್ಮೆ ತಟ್ಟಿದರು. ಆಮೇಲೆ ಅವರಿಗೆ ಅರ್ಥವಾಯಿತು. ಜೇಬಿನಿಂದ ಆ ಇನ್ನೊಂದು ಕಾರ್ಡು ತೆಗೆದರು. ಸತ್ತ ಮೈಕಿಗೆ ಬಾಯಿಟ್ಟು ನಿಧಾನವಾಗಿ, ಒಂಬತ್ತು ಸೆಕೆಂಡಿನಲ್ಲಿ, ತೆಂಗಿನಮರ ಹತ್ತುವವರನ್ನೂ ಕಾರ್ಮಿಕರ ಪಟ್ಟಿಗೆ ಸೇರಿಸಬೇಕೆಂದು ಹೇಳಿದರು. ನಾನು ಹನ್ನೊಂದು ಸೆಕೆಂಡಿನಲ್ಲಿ ಅದನ್ನು ಹಿಂದಿಗೆ ತಂದೆ. ಕೇಳಿಸಿಕೊಂಡವನು ಗಂಟೆಯವನೊಬ್ಬನೇ. ಅವನು ಒಪ್ಪಿದವನಂತೆ ತಲೆ ಆಡಿಸಿದ.

ಮೆಟ್ಟಿಲಿಳಿಯುವಾಗ ಮಾವ ನನ್ನ ಭುಜ ಹಿಡಿದುಕೊಂಡಿದ್ದರು. "ನಾಲ್ಕನೇ ಸಾಲು ಹೋಯ್ತು. ಅವನ ಮಾತೂ ಹೋಯ್ತು" ಎಂದರು. ಕೆಳಗೆ ಬಂದು ಕೂತು ಆ ಕಾರ್ಡನ್ನೇ ನೋಡತೊಡಗಿದರು. ಅಷ್ಟು ಹೊತ್ತು ನನಗೆ ಬರುತ್ತಿದ್ದ ನಗು ಆಗ ನಿಂತಿತು. ಮೊದಲ ಮೆಟ್ಟಿಲಿನ ಮೇಲೆ ಕೂತು ಪಂಚೆಯ ಅಂಚು ಹಿಡಿದಿದ್ದವನ ಕೈ ನೆನಪಾಯಿತು.

ಅಷ್ಟರಲ್ಲಿ ಮೈಕು ಜೀವ ಪಡೆದು, ಈಗ ಮೀನುಗಾರರ ವಿಭಾಗದ ಪ್ರತಿನಿಧಿ ಮಾತಾಡುತ್ತಾರೆ, ಮೂರು ನಿಮಿಷ, ಎಂದಿತು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಗಂಟೆಯವನು ಮೇಲಿನಿಂದ ನನ್ನ ಕತ್ತಿನ ನೀಲಿ ಬ್ಯಾಡ್ಜನ್ನೇ ನೋಡುತ್ತಿದ್ದ. ಖಾನೆಯಿಂದ ಗಂಟೆ ತೆಗೆದು ನನ್ನ ಕಡೆ ಹಿಡಿದು ಒಮ್ಮೆ ಮೆಲ್ಲಗೆ ಆಡಿಸಿದ. ದನ ಕರೆದ ಹಾಗೆ.

ನಾನು ಹೋದೆ. ಹೋಗಿ ಏನು ಹೇಳಬೇಕೆಂದು ತಿಳಿಯದೆ ಮೈಕು ಹಿಡಿದೆ. ಮೀನಿನ ವಿಷಯ ನನಗೆ ಗೊತ್ತಿದ್ದದ್ದು ಆರನೇ ತರಗತಿಯ ಹಿಂದಿ ಪಠ್ಯದಲ್ಲಿದ್ದಷ್ಟು. "ನಮ್ಮವರು ಕೆಲವರು ಸಮುದ್ರಕ್ಕೆ ಇಳಿಯುತ್ತಾರೆ, ಕೆಲವರು ತೆಂಗಿನಮರಕ್ಕೆ ಹತ್ತುತ್ತಾರೆ" ಎಂದೆ. "ಇಬ್ಬರ ಕಾಲ ಕೆಳಗೂ ನೆಲ ಇರುವುದಿಲ್ಲ. ಮರ ಹತ್ತುವವರನ್ನೂ ಕಾರ್ಮಿಕರ ಪಟ್ಟಿಗೆ ಸೇರಿಸಿ. ಇಷ್ಟೇ ನಮ್ಮ ಬೇಡಿಕೆ." ಇಳಿದು ಬಂದೆ. ಅವತ್ತಿನ ಅತಿ ದೊಡ್ಡ ಚಪ್ಪಾಳೆ ನನಗೆ ಬಿತ್ತು. ಅಷ್ಟು ಬೇಗ ಮುಗಿಸಿದವರು ಬೇರೆ ಯಾರೂ ಇರಲಿಲ್ಲ.

ಮಾವ ನನ್ನನ್ನು ದಿಟ್ಟಿಸಿ ನೋಡಿದರು. "ಒಬ್ರನ್ನೂ ಕರೀಲಿಲ್ಲವಲ್ಲೇ ನೀನು" ಎಂದರು.

"ಇಲ್ಲ ಮಾವ."

"ಒಬ್ರನ್ನೂ."

"ಮಾತು ಹೇಳಿದೆನಲ್ಲ."

ಮದುವೆ ಕಾರ್ಡುಗಳನ್ನು ಜೇಬಿಗೆ ಹಾಕಿಕೊಂಡು, "ಹೇಳ್ದೆ" ಎಂದರು. ಆದರೂ ಅವತ್ತು ಸಂಜೆ ಊಟ ಮಾಡಲಿಲ್ಲ. ನಾಲ್ಕನೇ ಸಾಲಿನವರ ಪರವಾಗಿ ತಾವೇ ಊಟ ಬಿಟ್ಟರು.

ಊರಿಗೆ ಬಂದ ಮೇಲೆ ಮಾವ ಮೊದಲು ಹೋದದ್ದು ಆ ಗೆಳೆಯನ ಮನೆಗೆ. ಅವನು ಜಗಲಿಯ ಮೇಲೆ ಕಾಲು ನೀಡಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಮಾವ ಏನನ್ನೂ ಮುಚ್ಚಿಡಲಿಲ್ಲ.

"ಹೇಳ್ದೆ ಕಣ್ಲಾ. ಆದ್ರೆ ಮೈಕ್ ಸತ್ ಮೇಲೆ ಹೇಳ್ದೆ. ಆಮೇಲೆ ಇವ್ಳು ಮೀನಿನೋರ ಕಡೆಯೋಳಾಗಿ ಹೇಳಿದ್ಲು."

ಅವನು ನನ್ನ ಕಡೆ ತಿರುಗಿದ. "ಮೀನಿನೋರು ಒಪ್ಪಿದ್ರಾ ಟೀಚ್ರಮ್ಮಾ?"

"ಅವರನ್ನ ಕೇಳಲಿಲ್ಲ" ಎಂದೆ.

"ನಿನ್ ಸರದಿ ಬಂದಾಗ ಊರ್ ಜನಾನೆಲ್ಲಾ ಕರೀತಾ ನಿಂತಿದ್ಯಾ?" ಎಂದು ಮಾವನನ್ನು ಕೇಳಿ ಅವನು ನಕ್ಕ. "ನಂಗೆ ಗೊತ್ತಿತ್ತು ಬಿಡು. ನಿನ್ ಕೈಲಿ ಆಗೋದಲ್ಲ ಅದು. ಮೂರನೇ ಕ್ಲಾಸಲ್ಲಿ ಮೇಷ್ಟ್ರು ಹಾಜರಿ ನಿನ್ ಕೈಗೆ ಕೊಟ್ಟಿದ್ರಲ್ಲ, ಅವತ್ತೇ ಕೆಟ್ಟೆ ನೀನು."

ಕೆಲವು ತಿಂಗಳ ನಂತರ ಬೇಲೂರಿಗೆ ಅಧಿವೇಶನದ ನಿರ್ಣಯಗಳ ಪುಸ್ತಕ ಬಂತು. ಮೀನುಗಾರರ ವಿಭಾಗದ ಪುಟದಲ್ಲಿ, ಬಂದರು, ಮಂಜುಗಡ್ಡೆ ಎಲ್ಲ ಆದ ಮೇಲೆ ಕೊನೆಗೆ ಒಂದು ಸಾಲಿತ್ತು: "ಮರ ಹತ್ತುವ ಮೀನುಗಾರರನ್ನು ಕಾರ್ಮಿಕರ ಪಟ್ಟಿಗೆ ಸೇರಿಸಬೇಕೆಂದು ಈ ಅಧಿವೇಶನ ಒತ್ತಾಯಿಸುತ್ತದೆ." ಬರೆದವರು ಯಾರೋ ಎರಡನ್ನೂ ಒಂದು ಮಾಡಿದ್ದರು. ಮಾವನ ಗೆಳೆಯ ಅದನ್ನು ನನ್ನಿಂದ ಮೂರು ಸಲ ಓದಿಸಿದ. ಆ ಪುಟವನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಮುಂದಿನ ಶಿಬಿರಕ್ಕೆ ಹೋದ. ಬರೆದುಕೊಳ್ಳುವವನು ಓದಿ ನೋಡಿ, ಯಾವ ಕೆರೆ ಎಂದು ಕೇಳಿದನಂತೆ. ಇವನು ತೆಂಗಿನಮರ ಎಂದನಂತೆ. ವಾಪಸು ಬಂದ. ಪಟ್ಟಿಗೆ ಅವನ ಕೆಲಸ ಇವತ್ತಿಗೂ ಸೇರಿಲ್ಲ.

ಅದಾದ ಮೇಲೆ ನನಗೊಂದು ಫೋನು ಬಂತು. ಕರಾವಳಿಯ ಹೆಂಗಸಿನ ದನಿ.

"ನನ್ನ ಬ್ಯಾಡ್ಜ್ ಹಾಕಿದ್ದು ನೀವೇ ಅಲ್ವಾ ಮಾರಾಯ್ರೆ?"

ಮಗಳ ಹೆರಿಗೆಯೆಂದು ಅಧಿವೇಶನಕ್ಕೆ ಬಾರದಿದ್ದ ಮೀನುಗಾರರ ವಿಭಾಗದವರು. ಬ್ಯಾಡ್ಜು ಕೊಟ್ಟವರನ್ನು ಕೇಳಿ ನನ್ನ ನಂಬರು ಹುಡುಕಿದ್ದರಂತೆ.

"ಇಲ್ಲಿ ನಮ್ಮವರೆಲ್ಲ ನನ್ನನ್ನು ಕೇಳಿ ಸಾಕು ಮಾಡಿದ್ದಾರೆ, ಮರ ಹತ್ತುವ ಮೀನುಗಾರರು ಯಾರು ಅಂತ. ನಿಮ್ಮ ಊರಲ್ಲಿ ಮೀನು ಮರದಲ್ಲಿ ಉಂಟಾ?"

ನಾನು ಮೊದಲಿನಿಂದ ಎಲ್ಲ ಹೇಳಿದೆ. ಮಾವ, ಮಂಡಿ, ಮದುವೆ ಕಾರ್ಡು, ಗಂಟೆ. ಅವರು ನಕ್ಕ ನಗುವಿಗೆ ಫೋನನ್ನು ಕಿವಿಯಿಂದ ದೂರ ಹಿಡಿದೆ. ನಗು ನಿಂತ ಮೇಲೆ, "ಆ ಹಿರಿಯರು ಈಗಲೂ ಮರ ಹತ್ತುತ್ತಾರಾ?" ಎಂದು ಕೇಳಿದರು.

"ಹತ್ತುತ್ತಾರೆ. ಬೇಡ ಅಂದ್ರೂ ಕೇಳಲ್ಲ."

"ನಮ್ಮಲ್ಲಿ ದಾರಿ ಬದಿಯ ಮರಕ್ಕೆ ಹಳೆ ಬಲೆ ಕಟ್ಟುದುಂಟು, ಕಾಯಿ ತಲೆ ಮೇಲೆ ಬೀಳಬಾರದು ಅಂತ. ಒಂದು ದೊಡ್ಡದು ಕಳಿಸ್ತೇನೆ. ನಮ್ಮ ವಿಭಾಗದವರೇ ಅಲ್ವಾ ಈಗ ಅವರು, ಪುಸ್ತಕದಲ್ಲಿ ಉಂಟಲ್ಲ."

ಬಲೆ ಅರಸೀಕೆರೆ ಸ್ಟೇಷನ್ನಿಗೆ ಪಾರ್ಸಲ್ಲಾಗಿ ಬಂತು. ಬಿಡಿಸಿಕೊಂಡು ಬಸ್ಸಿನಲ್ಲಿ ತಂದೆವು. ಬಸ್ಸಿಗೆಲ್ಲ ಸಮುದ್ರದ ವಾಸನೆ. ಕಂಡಕ್ಟರು ಕೆರೆಯಲ್ಲಿ ಮೀನು ಹಿಡಿಯುವ ಟೆಂಡರು ಆಯಿತೇ ಎಂದು ಕೇಳಿದ. ಮಾವ, "ತೋಟದಲ್ಲಿ ಹಿಡೀಬೇಕು" ಎಂದರು.

ಮಾವನ ತೋಟದ ಎತ್ತರದ ಮರದ ಬುಡದಲ್ಲಿ, ಸುತ್ತಲಿನ ನಾಲ್ಕು ಮರಗಳಿಗೆ ಆಳೆತ್ತರದಲ್ಲಿ ಬಲೆ ಬಿಗಿದೆವು. ಗೆಳೆಯ ಅದನ್ನು ಕೈಯಿಂದ ಜಗ್ಗಿ ನೋಡಿದ. "ಗಟ್ಟಿ ಐತೆ. ಬಿದ್ರೆ ತೂಗ್ತದೆ, ತೊಟ್ಲಂಗೆ" ಎಂದು ಕಾಲಿಗೆ ಹಗ್ಗ ಹಾಕಿಕೊಂಡು ಹತ್ತಿದ. ಮೊದಲಿನಂತೆ ಸರಸರ ಅಲ್ಲ, ನಿಂತು ನಿಂತು. ಮೇಲೆ ಗರಿಗಳ ನಡುವೆ ಕೂತು ಉಸಿರು ಸುಧಾರಿಸಿಕೊಂಡ. ಮಾವ ಕೆಳಗೆ ನಿಂತು, ಮೈಕಿನ ವೈರು ನೋಡಿಕೊಂಡಂತೆ, ಬಲೆಯ ಒಂದೊಂದು ಗಂಟನ್ನೂ ಮುಟ್ಟಿ ನೋಡುತ್ತಿದ್ದರು.

ಮೇಲಿನಿಂದ ದನಿ ಬಂತು. "ಅಣ್ಣಾ, ಅಲ್ಲಿ ಎಲ್ರನ್ನೂ ಕರ್ದೆಯಂತಲ್ಲ. ನನ್ನೂ ಒಂದ್ ಸಲ ಕರಿ, ನೋಡಾಣ."

ಮಾವ ಅತ್ತಿತ್ತ ನೋಡಿದರು. ನಾನೂ, ಬದುವಿನ ಮೇಲೆ ಮೇಯುತ್ತಿದ್ದ ಎರಡು ಎಮ್ಮೆಗಳೂ ಬಿಟ್ಟರೆ ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು, ಜುಬ್ಬ ಎಳೆದುಕೊಂಡು, ಕೈಮುಗಿದರು.

"ಮರದ ಮೇಲೆ ಆಸೀನರಾಗಿರುವ" ಎಂದು ಶುರುಮಾಡಿ, ಅವನ ಹೆಸರು, ಅವನ ತಂದೆಯ ಹೆಸರು, ಊರು ಎಲ್ಲ ಹೇಳಿ ನಿಲ್ಲಿಸಿದರು.

"ಹುದ್ದೆ?" ಎಂದ ಮೇಲಿನವನು.

"ಮರ ಹತ್ತುವ ಮೀನುಗಾರರಾದ ಮಾನ್ಯರೇ" ಎಂದರು ಮಾವ.

ಮೇಲೆ ಗರಿ ಸರಿದ ಸದ್ದಾಯಿತು. ಮೊದಲ ಗೊನೆ ಬಂದು ಬಲೆಗೆ ಬಿದ್ದು, ಎರಡು ಸಲ ಪುಟಿದು, ಅಲ್ಲೇ ತೂಗಾಡುತ್ತಾ ನಿಂತಿತು.